ಪಿಎಸ್‌1 ಗೇಮ್ ಶುರುವಾಗದಿದ್ದರೆ ಮೊದಲು ಬಯೋಸ್ ನೋಡಿ
ಹಳೇ ಗೇಮ್ ಓಡಿಸೋ ರೆಟ್ರೊಆರ್ಚ್ ಆ್ಯಪ್‌ನ ಬೀಟಲ್ ಪಿಎಸ್‌ಎಕ್ಸ್ ಕೋರ್‌ನಲ್ಲಿ (ಪ್ಲೇಸ್ಟೇಷನ್ 1 ಅನುಕರಿಸೋ ಭಾಗ) ಗೇಮ್ ತೆರೆಯದಿದ್ದರೆ ಡಿಸ್ಕನ್ನು ಬೈಯೋ ಮೊದಲು ಸಿಸ್ಟಮ್ ಫೋಲ್ಡರ್ ನೋಡಿ. ಅಲ್ಲಿರೋ ಬಯೋಸ್ ಫೈಲ್ (ಪ್ಲೇಸ್ಟೇಷನ್ ಶುರುವಾಗಲು ಬೇಕಾದ ಮೂಲ ಪ್ರೋಗ್ರಾಂ) ಸರಿಯಾಗಿ 5,24,288 ಬೈಟ್ ಇರಬೇಕು. ಹೆಸರು ಅಮೆರಿಕದ ಗೇಮ್‌ಗೆ ಎಸ್‌ಸಿಪಿಎಚ್5501.ಬಿನ್ (scph5501.bin), ಜಪಾನಿಗೆ 5500, ಯುರೋಪಿಗೆ 5502. ಇಂಗ್ಲಿಷ್ ಅಕ್ಷರವೆಲ್ಲ ಸಣ್ಣದೇ ಇರಲಿ, ಲಿನಕ್ಸ್‌ನಲ್ಲಿ ದೊಡ್ಡಕ್ಷರ ಬೇರೆ ಫೈಲ್ ಅಂತಲೇ ಲೆಕ್ಕ. ಈ ಕೋರ್ ಬಯೋಸನ್ನು ಹೆಸರು ಹಿಡಿದೇ ಹುಡುಕುತ್ತದೆ. ಗಾತ್ರ, ಹೆಸರು ಎರಡೂ ಸರಿಯಿದ್ದು ಒಳಗೆ ಕೆಟ್ಟಿದ್ದರೆ ಇದರಿಂದ ಗೊತ್ತಾಗಲ್ಲ, ಎಂಡಿ5 (ಫೈಲಿನ ಒಳಗಿನದನ್ನೆಲ್ಲ ಲೆಕ್ಕ ಹಾಕಿ ಬರೋ ಗುರುತು) ಸರಿಯಾದ ಫೈಲಿನದರ ಜೊತೆ ಹೋಲಿಸಲೇಬೇಕು. ಪಿಸಿಎಸ್‌ಎಕ್ಸ್ ರೀಆರ್ಮ್ಡ್ ಅನ್ನೋ ಇನ್ನೊಂದು ಕೋರ್ ಬಯೋಸ್ ಇಲ್ಲದೆಯೂ ಓಡುತ್ತದೆ, ಆದರೆ ಕೆಲವು ಗೇಮ್ ಅರ್ಧದಲ್ಲೇ ಕೈಕೊಡುತ್ತವೆ. ಇನ್ನೊಂದು: ಬಯೋಸ್ ಬದಲಿಸಿದರೆ ಹಳೇ ಸೇವ್ ಸ್ಟೇಟ್ (ಆಟದ ಆ ಕ್ಷಣದ ಮೆಮೊರಿ ಪೂರ್ತಿ ಉಳಿಸಿದ ಫೈಲ್) ನಂಬಬೇಡಿ, ಹಳೇ ಬಯೋಸಿನ ಕರ್ನಲ್ (ತಿರುಳು ಪ್ರೋಗ್ರಾಂ) ಆ ಫೈಲಿನ ರ್‍ಯಾಮ್‌ನೊಳಗೇ ಕೂತಿರುತ್ತದೆ. ಮೆಮೊರಿ ಕಾರ್ಡ್ ಸೇವ್‌ಗೆ ತೊಂದರೆಯಿಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯವರು ಮಳೆಗಾಲದಲ್ಲಿ ಕರೆಂಟ್ ನೋಡಿಕೊಂಡು ಸೇವ್ ಸ್ಟೇಟ್, ಮೆಮೊರಿ ಕಾರ್ಡ್ ಸೇವ್ ಎರಡನ್ನೂ ಮಾಡಿಡಿ.