ಹನ್ನೆರಡನೇ ವಾರದಲ್ಲೇ ಪ್ರೀಎಕ್ಲಾಂಪ್ಸಿಯಾ ಸುಳಿವು: ನಾನು ತಪಾಸಣೆ ಮಾಡುವ ರೀತಿ

ಪ್ರೀಎಕ್ಲಾಂಪ್ಸಿಯಾ ಅಂದರೆ ಬಸಿರಿನಲ್ಲಿ ಬರುವ ಬಿಪಿ ಕಾಯಿಲೆ. ಅದು ಕಣ್ಣಿಗೆ ಬೀಳೋದು ಬಸಿರಿನ 20 ವಾರ ದಾಟಿದ ಮೇಲೆ. ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೊಟೀನ್ ಹೋಗುತ್ತದೆ, ಕೆಲವರಿಗೆ ಲಿವರ್, ಕಿಡ್ನಿಗೂ ಪೆಟ್ಟು ಬೀಳುತ್ತದೆ. ಆದರೆ ಅವಧಿಗೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗಿ ಬರುವಂಥ ಕೇಸುಗಳಲ್ಲಿ ತೊಂದರೆ ತುಂಬಾ ಮೊದಲೇ ಶುರುವಾಗಿರುತ್ತದೆ. ಮಾಸು ಗರ್ಭಕೋಶದ ರಕ್ತನಾಳಗಳಿಗೆ ಸರಿಯಾಗಿ ಇಳಿದಿರುವುದಿಲ್ಲ. ಅದಕ್ಕೇ 11ರಿಂದ 13 ವಾರದ ಸ್ಕ್ಯಾನಿಗೆ ಬಂದ ಎಲ್ಲರಿಗೂ ನಾನು ಈ ತಪಾಸಣೆಯನ್ನೂ ಮಾಡುತ್ತೇನೆ.

ರಕ್ತದಲ್ಲಿ ನಾನು ಮುಖ್ಯವಾಗಿ ನೋಡೋದು ಪಿಎಲ್‌ಜಿಎಫ್. ರಕ್ತನಾಳ ಬೆಳೆಯಲು ನೆರವಾಗುವ, ಮಾಸು ತಯಾರಿಸುವ ಪ್ರೊಟೀನ್ ಅದು. ಮಾಸು ಸೊರಗಿದ್ದರೆ ಇದೂ ತಗ್ಗಿರುತ್ತದೆ. ಡೌನ್ ಸಿಂಡ್ರೋಮ್ ತಪಾಸಣೆಗಾಗಿ ಪ್ಯಾಪ್-ಎ ಅನ್ನೋ ಮಾಸಿನ ಇನ್ನೊಂದು ಪ್ರೊಟೀನಿನ ಪರೀಕ್ಷೆ ಹೇಗೂ ಮಾಡಿಸಿರುತ್ತಾರೆ. ಅದು ಕಡಿಮೆ ಇದ್ದರೂ ಒಂದು ಸುಳಿವೇ, ಆದರೆ ಈ ಕೆಲಸಕ್ಕೆ ಪಿಎಲ್‌ಜಿಎಫ್ ಹೆಚ್ಚು ನಂಬಿಕಸ್ತ.

ಲ್ಯಾಬ್ ರಿಪೋರ್ಟಿನಲ್ಲಿ ನಾನು ಮೊದಲು ಹುಡುಕೋದು ಎಂಒಎಂ, ಅಂದರೆ ಆ ಪ್ರೊಟೀನ್ ನಡುಮಟ್ಟದ ಎಷ್ಟು ಪಟ್ಟು ಇದೆ ಅನ್ನೋ ಅಂಕಿ. ಇದು 1 ಇದ್ದರೆ, ಅಂಥದ್ದೇ ವಾರ, ಅಂಥದ್ದೇ ತೂಕದ ಗರ್ಭಿಣಿಯರ ನಡುಮಟ್ಟಕ್ಕೆ ಸಮ ಅಂತ. 0.5 ಅಂದರೆ ಅದರ ಅರ್ಧ. ಫಾರ್ಮಿನಲ್ಲಿ ಬರೆದ ವಿವರಗಳ ಮೇಲೆಯೇ ಈ ಲೆಕ್ಕ ನಿಂತಿದೆ. ತೂಕ ಜಾಸ್ತಿ ಇದ್ದವರ ರಕ್ತದಲ್ಲಿ ಪ್ರೊಟೀನ್ ತೆಳುವಾಗಿ ಕಾಣುತ್ತದೆ. ಸಿಗರೇಟು ಸೇದುವವರಲ್ಲಿ ಪಿಎಲ್‌ಜಿಎಫ್ ಹೆಚ್ಚಿರುತ್ತದೆ. ಡಯಾಬಿಟಿಸ್, ಐವಿಎಫ್, ಹಿಂದಿನ ಬಸಿರಿನ ಚರಿತ್ರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಆ ಫಾರ್ಮನ್ನು ನಾನೇ ಕೂತು ತುಂಬುತ್ತೇನೆ. ತೂಕವನ್ನು ಬಾಯಿಮಾತಿಗೆ ಬರೆದುಕೊಳ್ಳಲ್ಲ, ಅವತ್ತೇ ನೋಡುತ್ತೇನೆ.

ರಕ್ತದಷ್ಟೇ ಮುಖ್ಯ ಬಿಪಿ. ನಡೆದು ಬಂದ ಕೂಡಲೇ ಪಟ್ಟಿ ಸುತ್ತಿದರೆ ಆ ಅಂಕಿ ಕೆಲಸಕ್ಕೆ ಬರಲ್ಲ. ಐದು ನಿಮಿಷ ಸುಮ್ನೆ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ. ತೋಳಿನ ದಪ್ಪಕ್ಕೆ ಸರಿಹೊಂದುವ ಪಟ್ಟಿ ಹಾಕಿ, ಎರಡೂ ಕೈಯಲ್ಲಿ ಎರಡೆರಡು ಸಲ ನೋಡಿ, ಸರಾಸರಿ ಒತ್ತಡ ಲೆಕ್ಕ ಹಾಕುತ್ತೇನೆ. ಆಮೇಲೆ ಗರ್ಭಕೋಶದ ಎರಡೂ ಬದಿಯ ರಕ್ತನಾಳಗಳ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್. ಇಷ್ಟೆಲ್ಲ ಸೇರಿಸಿದಾಗ, ಅವಧಿಗೆ ಮುಂಚಿನ ಪ್ರೀಎಕ್ಲಾಂಪ್ಸಿಯಾ ಬರಲಿರುವ ನಾಲ್ವರಲ್ಲಿ ಸುಮಾರು ಮೂವರನ್ನು ಮೊದಲೇ ಗುರುತಿಸಬಹುದು. ಬರೀ ರಕ್ತದ ಅಂಕಿ ಹಿಡಿದು ನಾನು ಯಾರನ್ನೂ ಹೆದರಿಸಲ್ಲ.

ಚೊಚ್ಚಲ ಬಸುರಿಯೊಬ್ಬರ ರಿಪೋರ್ಟ್ ನೆನಪಿದೆ. ಬಿಪಿ ನಾರ್ಮಲ್, ಮನೆಯಲ್ಲಿ ಯಾರಿಗೂ ಈ ತೊಂದರೆ ಇಲ್ಲ. ಪಿಎಲ್‌ಜಿಎಫ್ ಮಾತ್ರ 0.4 ಎಂಒಎಂ ಆಸುಪಾಸು, ಡಾಪ್ಲರಿನಲ್ಲೂ ರಕ್ತದ ಹರಿವಿಗೆ ತಡೆ ಜಾಸ್ತಿ. "ಡಾಕ್ಟ್ರೇ, ನಂಗೆ ಬಿಪಿನೇ ಇಲ್ವಲ್ಲ, ಮಾತ್ರೆ ಯಾಕೆ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ? ಕಾಯಿಲೆ ಬಂದಿದೆ ಅಂತಲ್ಲ, ಬರುವ ಸಾಧ್ಯತೆ ಹೆಚ್ಚಿದೆ, ಬಂದ ಮೇಲೆ ಈ ಮಾತ್ರೆ ಕೆಲಸ ಮಾಡಲ್ಲ ಅಂತ ಬಿಡಿಸಿ ಹೇಳಿದೆ.

ಆ ಮಾತ್ರೆ ಆಸ್ಪಿರಿನ್. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ ಇದೇ ತರ ಗುರುತಿಸಿದ ಹೆಂಗಸರಿಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟಿದ್ದರು. 37 ವಾರಕ್ಕೆ ಮುಂಚಿನ ಪ್ರೀಎಕ್ಲಾಂಪ್ಸಿಯಾ 4.3 ಶೇಕಡಾದಿಂದ 1.6ಕ್ಕೆ ಇಳಿಯಿತು. ನಾನೂ ಇಷ್ಟೆಲ್ಲ ಸೇರಿಸಿದ ಲೆಕ್ಕದಲ್ಲಿ ಅಪಾಯ 100ಕ್ಕೆ 1 ಅಥವಾ ಅದಕ್ಕಿಂತ ಜಾಸ್ತಿ ಬಂದವರಿಗೆ 16 ವಾರದೊಳಗೆ ಶುರು ಮಾಡಿ 36ಕ್ಕೆ ನಿಲ್ಲಿಸುತ್ತೇನೆ. ಆಸ್ಪಿರಿನ್ ಅಲರ್ಜಿ, ಹೊಟ್ಟೆ ಹುಣ್ಣು, ರಕ್ತಸ್ರಾವದ ತೊಂದರೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ವೈದ್ಯರನ್ನು ಕೇಳದೆ ಯಾರೂ ಶುರು ಮಾಡಬಾರದು.

ತಿಂಗಳು ತುಂಬಿದ ಮೇಲೆ ಬರುವ ಪ್ರೀಎಕ್ಲಾಂಪ್ಸಿಯಾವನ್ನು ಈ ಮಾತ್ರೆ ಅಷ್ಟಾಗಿ ತಡೆಯಲ್ಲ, ಈ ತಪಾಸಣೆಯೂ ಅಷ್ಟು ಚೆನ್ನಾಗಿ ಹಿಡಿಯಲ್ಲ. ಅದಕ್ಕೇ ಅಪಾಯ ಕಡಿಮೆ ಅಂತ ಬಂದವರಿಗೂ ಪ್ರತಿ ಭೇಟಿಯಲ್ಲಿ ಬಿಪಿ ನೋಡುತ್ತೇನೆ. ಜೋರು ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ದಿಢೀರನೆ ಊದಿಕೊಳ್ಳೋದು ಕಂಡರೆ ಮುಂದಿನ ತಾರೀಕಿಗೆ ಕಾಯದೆ ತಕ್ಷಣ ಬನ್ನಿ ಅಂತ ಎಲ್ಲರ ಕಾರ್ಡಿನಲ್ಲೂ ಬರೆದುಕೊಡುತ್ತೇನೆ.