ತಾಳಮದ್ದಳೆಯಲ್ಲಿ ಅರ್ಥ ಹೇಳುವ ಮೊದಲು ಕೂತು ಕೇಳುವುದು ಹೇಗೆ

ಪುತ್ತೂರು ಕಡೆಯ ನಮ್ಮ ಊರಿನ ದೇವಸ್ಥಾನದಲ್ಲಿ ಸಂಕ್ರಮಣದ ಸಂಜೆ ತಾಳಮದ್ದಳೆ ಇರುತ್ತದೆ. ನಾನು ಅಲ್ಲಿ ಅರ್ಥ ಹೇಳುತ್ತೇನೆ. "ಅಕ್ಕಾ, ನನಗೂ ಅರ್ಥ ಹೇಳ್ಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡ್ಲಿ?" ಅಂತ ಹೊಸಬರು ಕೇಳುತ್ತಾರೆ. ಒಂದು ಮಳೆಗಾಲ ಪೂರ್ತಿ ಕೇಳಿ, ಆಮೇಲೆ ಬಾಯಿ ತೆರೆಯಿರಿ ಅನ್ನುತ್ತೇನೆ. ಕೇಳುವುದಕ್ಕೂ ಒಂದು ಕ್ರಮ ಇದೆ.

ಗೊತ್ತಿಲ್ಲದವರಿಗೆ ಎರಡು ಮಾತು. ತಾಳಮದ್ದಳೆ ಅಂದರೆ ಕೂತು ಮಾಡುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ. ಹಾಡುಗಾರರಾದ ಭಾಗವತರು ಪ್ರಸಂಗದ, ಅಂದರೆ ಆ ದಿನದ ಕಥೆಯ, ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಆ ಪದ್ಯ ಹಿಡಿದು, ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಅದೇ ಅರ್ಥ ಹೇಳುವುದು. ಪದ್ಯ ಮೊದಲೇ ಬರೆದಿಟ್ಟದ್ದು, ಮಾತು ಆ ಹೊತ್ತಿಗೆ ಹುಟ್ಟುವಂಥದ್ದು.

ಶುರು ಮಾಡಲು ಮಳೆಗಾಲವೇ ಒಳ್ಳೆಯದು. ಮೇ ಕೊನೆಯ ವಾರದಲ್ಲಿ ಬರುವ ತುಳುನಾಡಿನ ಪತ್ತನಾಜೆ ದಿನಕ್ಕೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಆಮೇಲೆ ತಾಳಮದ್ದಳೆ ಕೂಟಗಳು ಜಾಸ್ತಿ. ಮೇಳದ ಕಲಾವಿದರೂ ಬಿಡುವಾಗಿ ಸಿಗುತ್ತಾರೆ.

ಹೋಗುವ ಮೊದಲು ಆ ದಿನದ ಪ್ರಸಂಗ ಯಾವುದು ಅಂತ ವಿಚಾರಿಸಿ. ಕಥೆ ಓದಿಕೊಂಡು ಹೋಗಿ. ಸುಧನ್ವ ಕಾಳಗ ಆದರೆ ಲಕ್ಷ್ಮೀಶನ ಜೈಮಿನಿ ಭಾರತ ತಿರುವಿ ಹಾಕಿ. ಪ್ರಸಂಗ ಪುಸ್ತಕ ಸಿಕ್ಕಿದರೆ ಕೈಯಲ್ಲಿರಲಿ. ಎರಡು ಮೂರು ಗಂಟೆಯ ಕೂಟದಲ್ಲಿ ಎಲ್ಲ ಪದ್ಯ ಹಾಡಲು ಆಗುವುದಿಲ್ಲ. ಭಾಗವತರು ಯಾವುದನ್ನು ಬಿಟ್ಟರು, ಯಾವುದನ್ನು ಹಿಡಿದರು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕಥೆಯನ್ನು ಎಷ್ಟು ಬೇಗ ಓಡಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವರ ಕೈಯಲ್ಲಿರುತ್ತದೆ. ಅರ್ಥಧಾರಿ ಅದಕ್ಕೆ ಹೊಂದಿಕೊಳ್ಳಬೇಕು.

ಕೂರುವಾಗ ಭಾಗವತರ ಮುಖವೂ ಎರಡೂ ಬದಿಯ ಅರ್ಥಧಾರಿಗಳೂ ಕಾಣುವ ಜಾಗ ಹಿಡಿಯಿರಿ. ನಾವೆಲ್ಲ ಮಾತಾಡುವವರನ್ನೇ ನೋಡುತ್ತೇವೆ. ಕಲಿಯಬೇಕಾದವರು ಮಾತಾಡದೆ ಕೂತವರನ್ನು ನೋಡಬೇಕು. ಇದಿರು ಕೂತವರು ಹೇಗೆ ಕೇಳಿಸಿಕೊಳ್ಳುತ್ತಾರೆ? ಯಾವ ಮಾತಿಗೆ ತಲೆ ಎತ್ತುತ್ತಾರೆ? ತಮ್ಮ ಸರದಿ ಬಂದಾಗ ಹತ್ತು ಮಾತಿನಲ್ಲಿ ಯಾವುದನ್ನು ಎತ್ತಿಕೊಂಡು ಉತ್ತರ ಕೊಡುತ್ತಾರೆ? ಅರ್ಧ ವಿದ್ಯೆ ಅಲ್ಲೇ ಇದೆ.

ವಾಲಿವಧೆ ಸಿಕ್ಕಿದರೆ ತಪ್ಪಿಸಬೇಡಿ. ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಾನು ನಿನಗೇನು ಮಾಡಿದ್ದೆ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನಿಗೆ ಮರೆಯಲ್ಲಿ ನಿಂತು ಯಾಕೆ ಹೊಡೆದೆ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು ಅಂತ ರಾಮ ತಿರುಗಿ ಹೇಳುತ್ತಾನೆ. ವಾಲಿಯ ಪ್ರಶ್ನೆಗಳಿಗೆ ಬಲ ಇದೆ. ಮಾತು ಬಲ್ಲವರು ವಾಲಿಯಾಗಿ ಕೂತರೆ ರಾಮನನ್ನು ಕಟ್ಟಿಹಾಕಬಹುದು. ಆದರೆ ಮುಂದಿನ ಪದ್ಯದಲ್ಲಿ ವಾಲಿ ರಾಮನಿಗೆ ಶರಣಾಗಲೇಬೇಕು, ಕಥೆ ಇರುವುದೇ ಹಾಗೆ. ವಾದ ಗೆದ್ದು ಕೂತವನು ಶರಣಾದರೆ ಯಾರು ನಂಬುತ್ತಾರೆ? ಹಾಗಾಗಿ ಒಳ್ಳೆಯ ವಾಲಿ ರಾಮನಿಗೆ ಉತ್ತರಿಸಲು ದಾರಿ ಬಿಡುತ್ತಾನೆ, ಆ ಉತ್ತರ ತನ್ನೊಳಗೆ ಇಳಿಯುವುದಕ್ಕೂ ಹೊತ್ತು ಕೊಡುತ್ತಾನೆ. ಅವನು ಎಲ್ಲಿ ಬಿಟ್ಟುಕೊಟ್ಟ ಅನ್ನುವುದನ್ನು ಹುಡುಕಿ. ನನಗೆ ತಾಳಮದ್ದಳೆಯ ಮೇಲೆ ಪ್ರೀತಿ ಹುಟ್ಟಿದ್ದೇ ಇಂಥ ಜಾಗಗಳಿಂದ. ಒಬ್ಬರೇ ಚೆನ್ನಾಗಿ ಮಾತಾಡಿದರೆ ಅದು ಭಾಷಣ ಆಗುತ್ತದೆ, ಕೂಟ ಆಗುವುದಿಲ್ಲ.

ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆ ರಾಮದಾಸ ಸಾಮಗರು ಮಾತಾಡಿದ ಕೂಟಗಳ ಧ್ವನಿಮುದ್ರಣ ಯೂಟ್ಯೂಬ್‌ನಲ್ಲಿ ಸಿಗುತ್ತದೆ. ಖಂಡಿತ ಕೇಳಿ. ಒಂದೇ ಪ್ರಸಂಗವನ್ನು ಬೇರೆ ಬೇರೆ ಜೋಡಿಯಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಆದರೆ ಅವರ ವಾಕ್ಯಗಳನ್ನು ಬಾಯಿಪಾಠ ಮಾಡಬೇಡಿ. ಇದಿರಿನವರು ಬೇರೆ ಪ್ರಶ್ನೆ ಕೇಳಿದರೆ ಆ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ.

ಭಾಷೆಯನ್ನೂ ಕಿವಿಗೆ ಹಾಕಿಕೊಳ್ಳಬೇಕು. ನಮ್ಮಲ್ಲಿ ಮನೆಮಾತು ತುಳು, ಹವ್ಯಕ, ಕೊಂಕಣಿ, ಗಡಿಯಾಚೆ ಮಲಯಾಳ. ಕೂಟದಲ್ಲಿ ಮಾತ್ರ ಶುದ್ಧ ಗ್ರಂಥದ ಕನ್ನಡ, ಒಂದು ಇಂಗ್ಲಿಷ್ ಪದವೂ ನುಸುಳಬಾರದು. 'ಟೈಮ್', 'ಪ್ರಾಬ್ಲೆಮ್' ಬಾಯಿಗೆ ಬರುವ ಜಾಗದಲ್ಲಿ ಹಿರಿಯರು ಏನು ಹೇಳುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಮನೆಗೆ ಹೋಗಿ ಗಟ್ಟಿಯಾಗಿ ಹೇಳಿ ನೋಡಿ.

ಪ್ರತಿ ಕೂಟಕ್ಕೂ ಅದರದ್ದೇ ರೀತಿ ಇರುತ್ತದೆ. ಕೆಲವು ಕಡೆ ಶಾಸ್ತ್ರದ ಚರ್ಚೆ ಇಷ್ಟ, ಕೆಲವು ಕಡೆ ಭಾವ ಇಷ್ಟ. ಪಾತ್ರದ ಮೊದಲ ಮಾತಾದ ಪೀಠಿಕೆ ಎಷ್ಟು ಉದ್ದ ನಡೆಯುತ್ತದೆ, ಅರ್ಥ ಹಂಚುವವರು, ಅಂದರೆ ಯಾರಿಗೆ ಯಾವ ಪಾತ್ರ ಅಂತ ಹೇಳುವವರು, ಯಾರು ಅನ್ನುವುದನ್ನೂ ಗಮನಿಸಿ. ಕೇಳದೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಬೇಡಿ. ಕಾಫಿಯ ಹೊತ್ತಿಗೆ ಹಿರಿಯರ ಅರ್ಥ ತಿದ್ದಲು ಹೋಗಬೇಡಿ. ಅದರ ಬದಲು, "ಆ ಪದ್ಯಕ್ಕೆ ಹಾಗೆ ಯಾಕೆ ಹೇಳಿದ್ರಿ?" ಅಂತ ಕೇಳಿ. ಖುಷಿಯಿಂದ ಹೇಳುತ್ತಾರೆ. ಚಾಪೆ ಹಾಸಲು ಕೈಜೋಡಿಸಿ. ಹೆಸರು ಕೇಳುವ ಮೊದಲೇ ನೀವು ಅವರಲ್ಲೊಬ್ಬರೇ ಆಗಿರುತ್ತೀರಿ.

ಸಿದ್ಧವಾದೆ ಅಂತ ಹೇಗೆ ಗೊತ್ತಾಗುತ್ತದೆ? 'ನಾನಾದರೆ ಇವರಿಗಿಂತ ಚೆನ್ನಾಗಿ ಹೇಳುತ್ತಿದ್ದೆ' ಅನ್ನಿಸಿದರೆ ಇನ್ನೂ ಕೇಳಿ. ಒಂದು ಪಾತ್ರದ ಮಾತು ಕೇಳುತ್ತಿರುವಾಗಲೇ ಇದಿರಿನ ಪಾತ್ರದ ಉತ್ತರ ಮನಸ್ಸಿನಲ್ಲಿ ಹುಟ್ಟತೊಡಗಿದರೆ ಸಮಯ ಬಂದಿದೆ. ಆಗ ಅರ್ಥ ಹಂಚುವವರ ಹತ್ತಿರ ಹೋಗಿ, "ಮುಂದಿನ ಸಲ ಒಂದು ಸಣ್ಣ ಅರ್ಥ ಇದ್ರೆ ಕೊಡಿ" ಅಂತ ಕೇಳಿ. ಕರ್ಣಪರ್ವದ ಅಶ್ವಸೇನ ಹೊಸಬರಿಗೆ ಒಳ್ಳೆಯ ಪಾತ್ರ. ಖಾಂಡವವನ ಸುಟ್ಟಾಗ ತಾಯಿಯನ್ನು ಕಳೆದುಕೊಂಡ ಹಾವು ಅವನು. ಇನ್ನೊಮ್ಮೆ ನನ್ನನ್ನು ಬಾಣಕ್ಕೆ ಹೂಡು ಅಂತ ಕರ್ಣನನ್ನು ಬೇಡುತ್ತಾನೆ, ಕರ್ಣ ಒಪ್ಪುವುದಿಲ್ಲ. ಪಾತ್ರ ಚಿಕ್ಕದು, ಸಂಕಟ ದೊಡ್ಡದು.

ಪದ್ಯ ಮುಗಿದು ಮದ್ದಳೆ ನಿಂತ ಮೇಲೆಯೇ ಮಾತು ಎತ್ತಿ. ಎರಡು ಮೂರು ನಿಮಿಷ ಸಾಕು. ಕರ್ಣನಿಗೆ ಒಂದು ಸ್ಪಷ್ಟ ಪ್ರಶ್ನೆ ಹಾಕಿ ನಿಲ್ಲಿಸಿ. ನಿಮ್ಮ ಪಾತ್ರ ಮುಗಿಯಿತು ಅಂತ ಎದ್ದು ಹೋಗದೆ ಮಂಗಳದ ಪದ್ಯದವರೆಗೂ ಅಲ್ಲೇ ಕೂತು ಕೇಳಿ. ಆಮೇಲೆ ಕರ್ಣನ ಅರ್ಥ ಹೇಳಿದವರನ್ನೇ ಕೇಳಿ, ನನ್ನ ಮಾತಿಗೆ ಉತ್ತರಿಸಲು ನಿಮಗೆ ಸುಲಭ ಆಯ್ತಾ ಅಂತ.