ನನ್ನ ಪೈಲಟ್ ನೆಲಕ್ಕಿಳಿದ ಬಗೆ

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ನಾಯಕ ಆಕಾಶದಲ್ಲೇ ಸಾಯುತ್ತಿದ್ದ. 1971ರ ಯುದ್ಧ, ಅವನದು ನ್ಯಾಟ್ ವಿಮಾನ, ಎದುರಿಗೆ ಪಾಕಿಸ್ತಾನದ ಸೇಬರ್. ಹಿಂದೊಮ್ಮೆ ಕಾಳಗದ ನಡುವೆ, ತಾನು 'ನಂಬರ್ ಟೂ' ಆಗಿ ಬೆನ್ನು ಕಾಯಬೇಕಿದ್ದ ಲೀಡರ್‌ನನ್ನು ಬಿಟ್ಟು ಬಂದವನು ಆ ತಪ್ಪು ತೊಳೆದುಕೊಳ್ಳಲು ಜೀವ ಕೊಡುತ್ತಾನೆ, ಬೈಲಹೊಂಗಲದ ಹತ್ತಿರದ ಹಳ್ಳಿಯಲ್ಲಿ ಅವನ ಪತ್ರಕ್ಕೆ ಕಾಯುತ್ತಿದ್ದ ಸುಮಿತ್ರಾ ಅಳುತ್ತಾಳೆ. ಸುಮಿತ್ರಾ ಆ ಲೀಡರ್‌ನ ತಂಗಿ.

ಕರಡನ್ನು ಓದಲು ಕೊಟ್ಟಿದ್ದು ನಮ್ಮ ಬೆಳಗಾವಿಯ ಟಿಳಕವಾಡಿಯ ಕಾಕಾ ಒಬ್ಬರಿಗೆ. ವಾಯುಪಡೆಯಲ್ಲಿದ್ದು, ಸಾಂಬ್ರಾದ ತರಬೇತಿ ಶಾಲೆಯಲ್ಲಿ ಹುಡುಗರಿಗೆ ಕಲಿಸಿ ನಿವೃತ್ತರಾದವರು. ಹಾಳೆಗಳನ್ನು ಮರಳಿ ಕೊಡುತ್ತ ಅವರು ಕೇಳಿದ್ದು ಎರಡೇ ಮಾತು. "ತಂಗಿ, ನಿನ್ನ ಹುಡುಗ ಎರಡು ಪುಟ ತುಂಬಾ ಗುಂಡ ಹಾರಸ್ಯಾನಲ್ಲ, ನ್ಯಾಟಿನ್ಯಾಗ ಅಷ್ಟು ಗುಂಡ ಎಲ್ಲಿರ್ತಾವ?" ಅದಕ್ಕಿರುವುದು 30 ಮಿಲಿಮೀಟರಿನ ಎರಡೇ ಫಿರಂಗಿ. ಗುಂಡಿ ಒತ್ತಿ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಎಲ್ಲ ಖಾಲಿ, ಕೆಲವೊಮ್ಮೆ ನಡುವೆಯೇ ಜಾಮ್. ಎರಡು ಪುಟ ಹೊಡೆದುಹಾಕಿ ಆರು ಸಾಲು ಉಳಿಸಿದೆ. ಎರಡನೆಯ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. "ಇಂವಾ ಸತ್ತರ ಆತೇನು? ಆ ಲೀಡರನ ಅವ್ವಗ ಯಾರ ಹೇಳಬೇಕು?"

ಆಗ ನೆನಪಾದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಅವರು ಕೊನೆಗೆ ಹೇಗೆ ಕಾದಾಡಿದರೆಂಬುದು ಇಲ್ಲಿಯವರಿಗೆ ತಿಳಿಯಲು ವರ್ಷಗಳೇ ಹಿಡಿದವು, ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಷ್ಟು ವರ್ಷ ಏನೂ ತಿಳಿಯದೆ ಕೂತ ಒಂದು ಮನೆಯನ್ನು ಕಲ್ಪಿಸಿಕೊಂಡಾಗ ನನ್ನ ಕಾದಂಬರಿ ಬೇರೆಯೇ ಆಯಿತು. ನಾಯಕ ಬದುಕಿ ಉಳಿದ.

ಕಾಳಗವನ್ನು ಮೊದಲು ಪೂರ್ವ ಗಡಿಯ ಬೊಯ್ರಾದಲ್ಲಿ ಇಟ್ಟಿದ್ದೆ. ನವೆಂಬರ್ 22ರ ಆ ಕಾಳಗದಲ್ಲಿ ನಮ್ಮ ನ್ಯಾಟ್‌ಗಳೆಲ್ಲ ಸುರಕ್ಷಿತವಾಗಿ ಮರಳಿದ್ದವು. ಅಲ್ಲೊಬ್ಬ ಕಲ್ಪಿತ ಲೀಡರ್‌ನನ್ನು ಕೊಲ್ಲಲು ಮನಸ್ಸು ಬರಲಿಲ್ಲ, ಪಶ್ಚಿಮ ಗಡಿಗೆ ಸಾಗಿಸಿದೆ. ಹಾಗಾಗಿ ಸುಮಿತ್ರಾಳ ಪತ್ರಗಳ ಮೇಲೆ ಊರಿನ ಹೆಸರಿಲ್ಲ, ಬರೀ ಸೇನಾ ಅಂಚೆಯ '56 ಎ.ಪಿ.ಒ.' ತಾನು ಪ್ರೀತಿಸಿದವನು ಎಲ್ಲಿದ್ದಾನೆಂದು ಆಕೆಗೆ ಗೊತ್ತಿಲ್ಲ. ಅವಳ ವಿಳಾಸದಲ್ಲಿ ನಾನು ಕರ್ನಾಟಕ ಎಂದು ಬರೆದುಬಿಟ್ಟಿದ್ದೆ. 1973ರ ನವೆಂಬರ್‌ವರೆಗೆ ಅದು ಮೈಸೂರು ರಾಜ್ಯ, ತಿದ್ದಿದೆ.

ಪಂಚಾಂಗ ನೋಡಿದಾಗ ಮೈ ಜುಮ್ಮೆಂದಿತು. ಢಾಕಾದಲ್ಲಿ ಶರಣಾಗತಿಯಾದದ್ದು ಡಿಸೆಂಬರ್ 16, ಮರುದಿನ ನಮ್ಮ ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಊರೆಲ್ಲ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೊರಟಿದೆ. ಲೀಡರ್‌ನ ಮನೆಗೆ ಬಂದ ತಂತಿಯಲ್ಲಿರುವುದು 'ನಾಪತ್ತೆ' ಅಂತ ಮಾತ್ರ. ಸೂತಕವಿಲ್ಲ, ಅಳುವ ಹಾಗೂ ಇಲ್ಲ. ಅವ್ವ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟುವಾಗ ಮಗನ ಪಾಲನ್ನೂ ಕಟ್ಟುತ್ತಾಳೆ. 'ಕೊನೆವರೆಗೂ ಅವನ ಬೆನ್ನಿಗೇ ಇದ್ದೆ, ಮೋಡದಾಗ ಕಾಣದಂಗ ಆದ' ಎಂದು ನಾಯಕ ಬರೆದ ಇನ್‌ಲ್ಯಾಂಡ್ ಪತ್ರ ದೇವರ ಜಗಲಿಯ ಮೇಲಿದೆ. ಅದು ಸುಳ್ಳು.

ಜನವರಿಯಲ್ಲಿ ಅವನು ಆ ಮನೆಗೆ ಬಂದು ಬಾಯಿಬಿಡುವ ಅಧ್ಯಾಯವನ್ನು ಏಳು ಸಲ ಬರೆದೆ. ಕಾಲಿಗೆ ಬಿದ್ದು ಅಳಿಸಿದೆ, ಅವ್ವನ ಕೈಯಿಂದ ಹೊಡೆಸಿದೆ, ಭಾಷಣವನ್ನೂ ಮಾಡಿಸಿದೆ. ಯಾವುದೂ ನಿಲ್ಲಲಿಲ್ಲ. ಏಳನೆಯ ಸಲ ಸುಮಿತ್ರಾಳನ್ನು ಒಲೆಯ ಮುಂದೆ ಕೂಡ್ರಿಸಿದೆ. ಅವಳು ರೊಟ್ಟಿ ಬಡಿಯುತ್ತಾಳೆ, ಅವನು ನಡೆದದ್ದನ್ನು ನಡೆದ ಹಾಗೇ ಹೇಳುತ್ತಾನೆ. ಹೇಳಿ ಮುಗಿದ ಮೇಲೂ ತಟ್ಟುವ ಸಪ್ಪಳ ನಿಲ್ಲುವುದಿಲ್ಲ.

"ರೇಡಿಯೋದಾಗ ಅಣ್ಣ ಕಡೀಕ ಏನಂದ?"

"'ನಂಬರ್ ಟೂ, ಎಲ್ಲಿದ್ದಿ' ಅಂದ."

ಆ ಸಾಲು ಬರೆದ ಮೇಲೆ ಒಂದು ತಿಂಗಳು ಪೆನ್ನು ಮುಟ್ಟಲಾಗಲಿಲ್ಲ. ಮದುವೆಯ ಅಧ್ಯಾಯವನ್ನು ಬರೆಯಲೇ ಇಲ್ಲ. ಅವನು ಹೇಳಿ ಮುಗಿಸುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತಿರುತ್ತದೆ. ಸುಮಿತ್ರಾ ಅದನ್ನು ತೆಗೆದು ತನ್ನ ತಾಟಿಗೆ ಹಾಕಿಕೊಳ್ಳುತ್ತಾಳೆ, ಇನ್ನೊಂದು ಬಡಿದು, ಬೇಯಿಸಿ, ಅವನ ಮುಂದಿಡುತ್ತಾಳೆ.